ಗೇರ್‌ಬಾಕ್ಸಿನ ಬಿಸಿ ಅಳೆಯುತ್ತಾ ನಾಲ್ಕು ದಿನ: ಬಳ್ಳಾರಿಯಿಂದ ಲಿಂಗಸುಗೂರು, ಅಲ್ಲಿಂದ ಸಂಡೂರಿನ ಗುಡ್ಡ

ಹೊರಡುವ ಹಿಂದಿನ ದಿನ

ನಮ್ಮ ರಿಕವರಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ನೀರಿನ ಬಿಸಿಗೆ ಒಂದು ಮುಳ್ಳು, ಬ್ರೇಕಿನ ಗಾಳಿಗೆ ಎರಡು ಮುಳ್ಳು, ಎಂಜಿನ್ ಆಯಿಲಿಗೆ ಒಂದು ದೀಪ ಇವೆ. ಗೇರ್‌ಬಾಕ್ಸಿಗೆ ಮಾತ್ರ ಏನೂ ಇಲ್ಲ. ಎಂಜಿನ್ ಕಾದರೆ ಮುಳ್ಳು ಏರುತ್ತದೆ, ಹಬೆ ಏಳುತ್ತದೆ, ಚಾಲಕ ಗಾಡಿಯನ್ನು ಬದಿಗೆ ಹಾಕುತ್ತಾನೆ. ಗೇರ್‌ಬಾಕ್ಸ್ ಕಾದ ಸುದ್ದಿ ಮಾತ್ರ ಸುಟ್ಟ ಆಯಿಲಿನ ವಾಸನೆಯಿಂದಲೋ ಬೇರಿಂಗಿನ ಗೊರಗೊರ ಸದ್ದಿನಿಂದಲೋ ತಿಳಿಯುತ್ತದೆ, ಮತ್ತು ಆ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಬಳ್ಳಾರಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಕೆಲಸವನ್ನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿರುವ ನಾನು ಎರಡು ಗೇರ್‌ಬಾಕ್ಸ್‌ಗಳನ್ನು ಹೀಗೆ ಕಳೆದುಕೊಂಡಿದ್ದೇನೆ. ಎರಡೂ ಬೇಸಿಗೆಯಲ್ಲಿ ಹೋದವು, ಎರಡೂ ಹಿಂದೆ ಇನ್ನೊಂದು ಗಾಡಿಯನ್ನು ಕಟ್ಟಿಕೊಂಡಿದ್ದಾಗಲೇ ಹೋದವು.

ಅಳೆಯಬೇಕೆಂಬ ಯೋಚನೆ ಬಂದದ್ದು ಸಂಡೂರಿನಲ್ಲಿರುವ ನನ್ನ ಸೋದರಮಾವನಿಂದ. ಅವರು ಕಬ್ಬಿಣದ ಅದಿರಿನ ಗಣಿಯಲ್ಲಿ ಡಂಪರ್ ಓಡಿಸಿ ನಿವೃತ್ತರಾದವರು. ಆ ಡಂಪರುಗಳಿಗೆ ಕ್ಲಚ್ ಪೆಡಲ್ ಇರುವುದಿಲ್ಲ. ಎಂಜಿನ್ನಿನ ಶಕ್ತಿ ಟಾರ್ಕ್ ಕನ್ವರ್ಟರಿನೊಳಗೆ ಎಣ್ಣೆಯ ಮೂಲಕವೇ ದಾಟುತ್ತದೆ, ಏರಿನಲ್ಲಿ ನಿಧಾನವಾಗಿ ಎಳೆಯುವಾಗ ಆ ಎಣ್ಣೆ ಬಹಳ ಬೇಗ ಕಾಯುತ್ತದೆ, ಆದ್ದರಿಂದ ಅದರ ಬಿಸಿಗೆಂದೇ ಕ್ಯಾಬಿನ್ನಿನಲ್ಲಿ ಒಂದು ಮುಳ್ಳು ಇರುತ್ತದೆ. "ನೀರಿನ ಮುಳ್ಳು ನೋಡೋದು ಮರತೇನು, ಕನ್ವರ್ಟರ್ ಮುಳ್ಳು ಮಾತ್ರ ಒಂದು ದಿನಾನೂ ಮರೀಲಿಲ್ಲ ನೋಡು" ಎಂದು ಅವರು ಕಳೆದ ದೀಪಾವಳಿಯಲ್ಲಿ ಹೇಳಿದ ಮಾತು ನನ್ನ ತಲೆಯಲ್ಲೇ ಉಳಿದಿತ್ತು.

ನಮ್ಮದು ಎರಡು ಆಕ್ಸಲ್ಲಿನ ಮಧ್ಯಮ ಗಾತ್ರದ ಲಾರಿ. ಅದರ ಚಾಸಿಯ ಮೇಲೆ, ಕೆಟ್ಟ ಗಾಡಿಯ ಮುಂಭಾಗವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಅಂಡರ್‌ಲಿಫ್ಟ್ ಕೂಡಿಸಲಾಗಿದೆ, ಕೈಯಿಂದ ಹಾಕುವ ಆರು ಗೇರುಗಳಿವೆ. ಇದರೊಳಗೆ ಎಣ್ಣೆ ತಿರುಗಿಸುವ ಪಂಪೂ ಇಲ್ಲ, ಎಣ್ಣೆ ತಣಿಸುವ ಕೂಲರೂ ಇಲ್ಲ. ಕೆಳಗಿನ ಕೌಂಟರ್ ಶಾಫ್ಟಿನ ಗೇರುಗಳು ಎಣ್ಣೆಯಲ್ಲಿ ಅರ್ಧ ಮುಳುಗಿ ತಿರುಗುತ್ತಾ ಅದನ್ನು ಮೇಲಕ್ಕೆ ಎರಚುತ್ತವೆ, ಹಲ್ಲುಗಳ ತಿಕ್ಕಾಟದಿಂದ ಹುಟ್ಟಿದ ಬಿಸಿ ಕಬ್ಬಿಣದ ಹೌಸಿಂಗಿನ ಮೂಲಕ ಹೊರಗಿನ ಗಾಳಿಗೆ ಹೋಗುತ್ತದೆ, ಅಷ್ಟೇ ವ್ಯವಸ್ಥೆ. ಹಲ್ಲಿಗೆ ಹಲ್ಲು ಕೂಡಿ ಶಕ್ತಿ ದಾಟುವ ಪ್ರತಿ ಜೋಡಿಯಲ್ಲೂ ನೂರಕ್ಕೆ ಸುಮಾರು ಒಂದು ಪಾಲು ಬಿಸಿಯಾಗಿ ಕಳೆಯುತ್ತದೆ. ಕೆಳಗಿನ ಗೇರುಗಳಲ್ಲಿ ಅಂಥ ಜೋಡಿಗಳು ಎರಡು. ನೂರೆಂಬತ್ತು ಅಶ್ವಶಕ್ತಿಯ ಎಂಜಿನ್ ಪೂರ್ಣ ಬಲದಲ್ಲಿ ಎಳೆಯುವಾಗ ಈ ಎರಡು ಪಾಲೆಂದರೆ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಗೀಜರಿನಷ್ಟು ಶಾಖ; ಒಂದು ಗೀಜರನ್ನು ಗೇರ್‌ಬಾಕ್ಸಿನೊಳಗೆ ಗಂಟೆಗಟ್ಟಲೆ ಉರಿಸಿದಂತೆ.

ಎಣ್ಣೆ ಇಳಿಸುವ ತೂತಿನ ಡ್ರೇನ್ ಪ್ಲಗ್ಗಿನ ಅಳತೆಯದೇ ಇನ್ನೊಂದು ಪ್ಲಗ್ಗನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ, ನಡುವೆ ತೂತು ಕೊರೆಸಿ, ಬಿಸಿ ಅಳೆಯುವ ಥರ್ಮಿಸ್ಟರ್ ಸೆನ್ಸರನ್ನು ಅದರೊಳಗೆ ಕೂಡಿಸಿದೆವು. ಹೌಸಿಂಗಿನ ಹೊರಮೈಗೆ ಸೆನ್ಸರನ್ನು ಕ್ಲಿಪ್ಪಿನಿಂದ ಬಿಗಿಯುವುದು ಸುಲಭವಾಗಿತ್ತು, ಆದರೆ ಹೊರಮೈಗೆ ಗಾಳಿ ಬಡಿಯುತ್ತದೆ, ಒಂದು ಬದಿಯಲ್ಲಿ ಸೈಲೆನ್ಸರ್ ಪೈಪಿನ ಕಾವೂ ತಾಗುತ್ತದೆ; ನನಗೆ ಬೇಕಾದದ್ದು ಎಣ್ಣೆಯ ಬಿಸಿ. ಪ್ಲಗ್ಗು ಗೇರ್‌ಬಾಕ್ಸಿನ ತಳದಲ್ಲಿರುವುದರಿಂದ ಕಲ್ಲು ಬಡಿಯದಂತೆ ಆಂಗಲ್ ಕಬ್ಬಿಣದ ಒಂದು ಕಾವಲನ್ನು ಬೆಸುಗೆ ಹಾಕಿಸಿ, ವೈರನ್ನು ಕ್ಯಾಬಿನ್ನಿಗೆ ತಂದು, ಅಂಕಿ ತೋರಿಸುವ ಸಣ್ಣ ಮೀಟರಿಗೆ ಕೊಟ್ಟು, 110 ಡಿಗ್ರಿಗೆ ಗಂಟೆ ಹೊಡೆಯುವಂತೆ ಇಟ್ಟೆ.

ಮೀಟರನ್ನು ನಂಬುವ ಮೊದಲು ಪರೀಕ್ಷಿಸಬೇಕಲ್ಲ. ಪ್ಲಗ್ಗನ್ನು ಜೋಡಿಸುವ ಮುನ್ನ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಅದ್ದಿದಾಗ ಮೀಟರ್ 1 ತೋರಿಸಿತು, ಕುದಿಯುವ ನೀರಿನಲ್ಲಿ 99 ತೋರಿಸಿತು. ಬಳ್ಳಾರಿ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ, 98 ದಾಟುತ್ತಿದ್ದಂತೆಯೇ ಕುದಿಯುತ್ತದೆ. ಎರಡೂ ಕಡೆ ಮೀಟರ್ ಹತ್ತಿರ ಹತ್ತಿರ ಒಂದು ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದು ತೀರ್ಮಾನಿಸಿ, ಪ್ರತಿ ಅಂಕಿಯಿಂದ ಒಂದು ಕಳೆದು ಬರೆಯಬೇಕೆಂದು ನನ್ನ ತಮ್ಮನ ಮಗನಿಗೆ ಹೇಳಿದೆ. ಡಿಪ್ಲೊಮಾ ಓದುತ್ತಿರುವ ಅವನು ರಜೆಯಲ್ಲಿ ನನ್ನೊಂದಿಗೆ ಬರುವವನಿದ್ದ, ನೋಟ್‌ಬುಕ್ಕಿನ ಕೆಲಸ ಅವನದು. ಗಾಳಿಯ ಬಿಸಿ ಅಳೆಯಲು ಎಡಗಡೆಯ ಕನ್ನಡಿಯ ಕೊಕ್ಕೆಗೆ ನೆರಳಿನಲ್ಲಿ ಇನ್ನೊಂದು ಸೆನ್ಸರ್ ಕಟ್ಟಿದೆವು. ಇದು ನೆನಪಾದದ್ದು ಕೊನೆಯ ಗಳಿಗೆಯಲ್ಲಿ. ಆದರೆ ನಾಲ್ಕು ದಿನಗಳ ಲೆಕ್ಕವೆಲ್ಲ ನಿಂತದ್ದು ಅದರ ಮೇಲೆಯೇ.

ಮೊದಲನೆಯ ದಿನ: ಬಳ್ಳಾರಿಯಿಂದ ಲಿಂಗಸುಗೂರು

ಏಪ್ರಿಲ್ ಎರಡನೇ ವಾರ. ಲಿಂಗಸುಗೂರಿನ ಹತ್ತಿರ ಕೆಟ್ಟು ನಿಂತಿದ್ದ ಆರು ಚಕ್ರದ ಲಾರಿಯೊಂದನ್ನು ಸಂಡೂರಿನ ಗುಡ್ಡದ ಮೇಲಿರುವ ಮಾಲೀಕರ ಷೆಡ್ಡಿಗೆ ತಲುಪಿಸುವ ಕೆಲಸ ಒಪ್ಪಿಕೊಂಡಿದ್ದೆ. ಬೆಳಿಗ್ಗೆ ಆರಕ್ಕೆ ಬಳ್ಳಾರಿ ಬಿಟ್ಟಾಗ ಗಾಳಿ 28 ಡಿಗ್ರಿ, ಗೇರ್‌ಬಾಕ್ಸಿನ ಎಣ್ಣೆಯೂ 28.

ಖಾಲಿ ಗಾಡಿ, ಸಮತಟ್ಟಾದ ರಸ್ತೆ. ಸಿರುಗುಪ್ಪ ತಲುಪುವ ಹೊತ್ತಿಗೆ ಎಣ್ಣೆ 61ಕ್ಕೆ ಬಂದು ಅಲ್ಲೇ ನಿಂತಿತು. ಆಗ ಗಾಳಿ 30. ಮಧ್ಯಾಹ್ನ ಸಿಂಧನೂರು ದಾಟಿ ಮಸ್ಕಿಯ ಕಡೆ ಹೋಗುವಾಗ ಎಣ್ಣೆ 73 ಆಗಿತ್ತು, ಹುಡುಗ ಗಾಬರಿಯಿಂದ ನನ್ನನ್ನು ನೋಡಿದ. "ಗಾಳಿ ಎಷ್ಟೈತಿ ನೋಡು" ಎಂದೆ. ಗಾಳಿ 41 ಆಗಿತ್ತು. ಬೆಳಿಗ್ಗೆ ಅಂತರ 31, ಮಧ್ಯಾಹ್ನ ಅಂತರ 32. ಗೇರ್‌ಬಾಕ್ಸ್ ತಾನು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿತ್ತು, ಏರಿದ್ದು ರಾಯಚೂರು ಸೀಮೆಯ ಬಿಸಿಲು. ಹೌಸಿಂಗು ತನ್ನ ಬಿಸಿಯನ್ನು ಗಾಳಿಗೆ ಕೊಡಬೇಕಾದರೆ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲಿರಲೇಬೇಕು, ಹಾಗಾಗಿ ಒಂದೇ ಕೆಲಸಕ್ಕೆ ಅಂತರ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಮೂರನೆಯ ಗೆರೆ ಎಳೆದು ಅದಕ್ಕೆ 'ಅಂತರ' ಎಂದು ಹೆಸರಿಟ್ಟೆವು.

ಇನ್ನೊಂದು ಸಂಗತಿಯನ್ನೂ ಅಂದೇ ನೋಡಿದೆ. ನಮ್ಮ ಗಾಡಿಯಲ್ಲಿ ಐದನೆಯ ಗೇರು ನೇರ ಗೇರು: ಒಳಬರುವ ಶಾಫ್ಟೂ ಹೊರಹೋಗುವ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ, ಶಕ್ತಿ ಕೌಂಟರ್ ಶಾಫ್ಟಿಗೆ ಇಳಿಯುವುದೇ ಇಲ್ಲ. ಆರನೆಯದು ಓವರ್‌ಡ್ರೈವ್, ಅಂದರೆ ಹೊರಹೋಗುವ ಶಾಫ್ಟು ಎಂಜಿನ್ನಿಗಿಂತ ವೇಗವಾಗಿ ತಿರುಗುವ ಗೇರು; ಅಲ್ಲಿ ಮತ್ತೆ ಎರಡು ಜೋಡಿ ಹಲ್ಲುಗಳ ಮೂಲಕ ಹಾದುಹೋಗಬೇಕು. ಐದರಲ್ಲಿ ಅರ್ಧ ಗಂಟೆ, ಆರರಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದಾಗ ಆರರಲ್ಲಿ ಅಂತರ ನಾಲ್ಕು ಡಿಗ್ರಿ ಹೆಚ್ಚಿತ್ತು. ಖಾಲಿ ಗಾಡಿಗೆ ಇದು ಲೆಕ್ಕಕ್ಕಿಲ್ಲ, ಡೀಸೆಲ್ ಉಳಿತಾಯ ಆರರಲ್ಲೇ ಇದೆ. ಹಿಂದೆ ಭಾರವಿದ್ದಾಗ ಆರನೆಯ ಗೇರಿಗೆ ಕೈ ಹಾಕಬಾರದು ಎಂದು ಹಿರಿಯ ಚಾಲಕರು ಹೇಳುತ್ತಿದ್ದ ಮಾತಿಗೆ ಇದೂ ಒಂದು ಕಾರಣವಿರಬೇಕೆಂದು ನನಗೆ ತೋರಿತು.

ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಹುಡುಗ ಅಶೋಕನ ಶಾಸನದ ಬಂಡೆಯ ಕಡೆ ಕೈ ತೋರಿಸಿದ. 1915ರಲ್ಲಿ ಅದನ್ನು ಪತ್ತೆ ಮಾಡಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಎಂದು ಅವನೇ ಹೇಳಿದ. ಹೋಗಿ ನೋಡಲು ಸಮಯವಿರಲಿಲ್ಲ. ನಾನು ಗಾಡಿಯ ಕೆಳಗೆ ಮಲಗಿ, ಗುರಿಯಿಟ್ಟು ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನಿನಿಂದ ಹೌಸಿಂಗನ್ನು ನೋಡುತ್ತಿದ್ದೆ. ಮಣ್ಣು ಹಿಡಿದ ಕಡೆ 66 ತೋರಿಸಿದ ಅದು, ಉಜ್ಜಿ ಹೊಳೆಯುತ್ತಿದ್ದ ಬೋಲ್ಟಿನ ತಲೆಯ ಮೇಲೆ 48 ತೋರಿಸಿತು. ಹೊಳೆಯುವ ಲೋಹದ ಮೇಲೆ ಆ ಗನ್ನನ್ನು ನಂಬಬಾರದು. ಕಪ್ಪು ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಗುರಿಯಿಡಬೇಕು.

ಎರಡನೆಯ ದಿನ: ಲಿಂಗಸುಗೂರಿನಿಂದ ಸಿಂಧನೂರು

ಕೆಟ್ಟ ಲಾರಿಯನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಮೊದಲು ಅದರಲ್ಲಿ ಹೋದದ್ದು ಬರೀ ಕ್ಲಚ್ ಪ್ಲೇಟು, ಒಂದು ದಿನದ ಕೆಲಸ. ಯಾರೋ ಅದನ್ನು ನ್ಯೂಟ್ರಲ್ಲಿನಲ್ಲಿ ಹಾಕಿ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಎಳೆದುಕೊಂಡು ಬಂದಿದ್ದರು. ಹಿಂದಿನ ಚಕ್ರಗಳಿಗೆ ಹೋಗುವ ಜಾಯಿಂಟ್ ಶಾಫ್ಟನ್ನು ಬಿಚ್ಚಿರಲಿಲ್ಲ. ಹೀಗೆ ಎಳೆದಾಗ ಆಗುವುದೇನೆಂದರೆ, ನೆಲದ ಮೇಲೆ ಉರುಳುವ ಚಕ್ರಗಳು ಶಾಫ್ಟಿನ ಮೂಲಕ ಗೇರ್‌ಬಾಕ್ಸಿನ ಮೇನ್ ಶಾಫ್ಟನ್ನು ತಿರುಗಿಸುತ್ತವೆ, ಆದರೆ ಎಂಜಿನ್ ನಿಂತಿರುವುದರಿಂದ ಎಣ್ಣೆ ಎರಚಬೇಕಾದ ಕೌಂಟರ್ ಶಾಫ್ಟು ಅಲುಗಾಡದೆ ಕೂತಿರುತ್ತದೆ. ಎಣ್ಣೆ ತಳದಲ್ಲಿ ತಣ್ಣಗೆ ನಿಂತಿರುತ್ತದೆ, ಮೇಲೆ ಶಾಫ್ಟು ಮತ್ತು ಅದರ ಮೇಲಿನ ಗೇರುಗಳು ಒಣಗಿ ತಿಕ್ಕಿ ಸುಡುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲೂ ಇದೇ ಕಥೆ, ಅಲ್ಲಿ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಒಂದು ಮಾತು ಇಲ್ಲಿ ಗಮನಿಸಬೇಕು: ಆ ಲಾರಿಯಲ್ಲಿ ನನ್ನಂಥದೇ ಸೆನ್ಸರ್ ತಳದಲ್ಲಿ ಇದ್ದಿದ್ದರೂ ಅದು ತಣ್ಣನೆಯ ಎಣ್ಣೆಯನ್ನೇ ಅಳೆದು, ಎಲ್ಲ ಸರಿಯಿದೆ ಎಂದು ಹೇಳುತ್ತಿತ್ತು. ಎಣ್ಣೆ ಎರಚಾಡುತ್ತಿರುವಾಗ ಮಾತ್ರ ಎಣ್ಣೆಯ ಬಿಸಿ ಗೇರ್‌ಬಾಕ್ಸಿನ ಬಿಸಿ.

ನಾವು ಶಾಫ್ಟ್ ಬಿಚ್ಚಿ, ಕ್ರಾಸ್ ಬೇರಿಂಗಿನ ಬಟ್ಟಲುಗಳು ಬೀಳದಂತೆ ತಂತಿ ಸುತ್ತಿ, ನಮ್ಮ ಗಾಡಿಯಿಂದ ಗಾಳಿಯ ಪೈಪು ಕೊಟ್ಟು ಬ್ರೇಕ್ ಸಡಿಲಿಸಿ, ಮುಂದಿನ ಆಕ್ಸಲ್ಲನ್ನು ಅಂಡರ್‌ಲಿಫ್ಟಿನಿಂದ ಎತ್ತಿದೆವು. ರಸ್ತೆಯ ಅಂಚು ಕುಸಿದಿದ್ದರಿಂದ ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಂಡರ್‌ಲಿಫ್ಟನ್ನು ಎತ್ತುವ ಹೈಡ್ರಾಲಿಕ್ ಪಂಪಿಗೆ ಶಕ್ತಿ ಹೋಗುವುದು ಗೇರ್‌ಬಾಕ್ಸಿನ ಬದಿಗೆ ಕೂಡಿಸಿದ, ಎಂಜಿನ್ನಿನ ಶಕ್ತಿಯನ್ನು ಬೇರೆ ಕೆಲಸಕ್ಕೆ ಹೊರತೆಗೆಯುವ ಪಿ.ಟಿ.ಒ. ಮೂಲಕ. ಗಾಡಿ ಒಂದು ಅಡಿಯೂ ಚಲಿಸದೆ, ಕೆಳಗೆ ಗಾಳಿ ಸುಳಿಯದೆ, ಬರೀ ಎತ್ತುವ ಇಳಿಸುವ ಕೆಲಸದಲ್ಲೇ ಎಣ್ಣೆ 69 ಮುಟ್ಟಿತ್ತು. ಇಷ್ಟು ವರ್ಷ ಈ ಕೆಲಸವನ್ನು ನಾನು ವಿಶ್ರಾಂತಿಯೆಂದೇ ಎಣಿಸುತ್ತಿದ್ದೆ.

ಹನ್ನೊಂದಕ್ಕೆ ಹೊರಟೆವು. ಮೂರು ಮತ್ತು ನಾಲ್ಕನೆಯ ಗೇರುಗಳಲ್ಲಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ನಡಿಗೆ. ಈಟನ್ ಕಂಪನಿಯ ಭಾರಿ ಗೇರ್‌ಬಾಕ್ಸುಗಳ ಸೇವಾ ಕೈಪಿಡಿಯಲ್ಲಿ, ಎಣ್ಣೆಯ ಬಿಸಿ 120 ಡಿಗ್ರಿ ದಾಟಿ ಬಹಳ ಹೊತ್ತು ಇರಬಾರದು, ಆಗೀಗ ಸ್ವಲ್ಪ ಹೊತ್ತು 149ರವರೆಗೆ ಹೋದರೆ ಗೇರ್‌ಬಾಕ್ಸಿಗೆ ಹಾನಿಯಿಲ್ಲ, ಆದರೆ 120ರ ಮೇಲೆ ಎಣ್ಣೆ ಬೇಗ ಕೆಡುತ್ತದೆ ಎಂದಿದೆ. ಬಿಸಿ ಏರುವ ಸಂದರ್ಭಗಳನ್ನೂ ಅದು ಹೇಳುತ್ತದೆ: ಗಂಟೆಗೆ 32 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಸತತ ಓಡಾಟ, ಎಂಜಿನ್ನಿನ ಹೆಚ್ಚು ಸುತ್ತು, ಹೊರಗಿನ ಬಿಸಿಲು, ಗೇರ್‌ಬಾಕ್ಸಿನ ಸುತ್ತ ಗಾಳಿ ಆಡದಿರುವುದು, ಸೈಲೆನ್ಸರ್ ಪೈಪು ತೀರ ಹತ್ತಿರವಿರುವುದು, ಓವರ್‌ಡ್ರೈವ್. ಏಪ್ರಿಲ್ಲಿನಲ್ಲಿ ಲಿಂಗಸುಗೂರಿನಿಂದ ಲಾರಿ ಎಳೆಯುವವನಿಗೆ ಇವುಗಳಲ್ಲಿ ಓವರ್‌ಡ್ರೈವ್ ಒಂದನ್ನು ಬಿಟ್ಟು ಉಳಿದೆಲ್ಲವೂ ಒಟ್ಟಿಗೆ ಕೂಡಿಬರುತ್ತವೆ.

ಮೊದಲ ಹದಿನೈದು ನಿಮಿಷ ಅಂಕಿ ಬಹುತೇಕ ಅಲ್ಲೇ ಇತ್ತು. ಆಮೇಲೆ ಏರತೊಡಗಿತು, ಎರಡು ನಿಮಿಷಕ್ಕೆ ಒಂದು ಡಿಗ್ರಿಯಂತೆ, ಒಂದೇ ಸಮನೆ. ಮಸ್ಕಿ ದಾಟುವಾಗ 93, ಅಂತರ 52. ಅಲ್ಲಿಂದ ಮುಂದೆ ಭತ್ತ ಕೊಯ್ಯುವ ಯಂತ್ರಗಳನ್ನು ಹೊತ್ತ ಲಾರಿಗಳೂ ಭತ್ತ ತುಂಬಿದ ಟ್ರ್ಯಾಕ್ಟರುಗಳೂ ರಸ್ತೆ ತುಂಬಿದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೇಸಿಗೆ ಬೆಳೆಯ ಸುಗ್ಗಿ. ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ ಅವುಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳಿದೆವು. ಜೊತೆಗೆ ಹಿಂಗಾಳಿ. ಗಾಡಿಯ ವೇಗವೂ ಗಾಳಿಯ ವೇಗವೂ ಒಂದೇ ಆದಾಗ ಗೇರ್‌ಬಾಕ್ಸಿನ ಪಾಲಿಗೆ ಗಾಳಿ ನಿಂತೇ ಹೋದಂತೆ. ನಮ್ಮ ಧೂಳು ನಮ್ಮ ಜೊತೆಗೇ ಬರುತ್ತಿತ್ತು. ಎಂಜಿನ್ನಿಗೆ ತನ್ನ ಫ್ಯಾನ್ ಇದೆ, ನೀರಿನ ಮುಳ್ಳು ಹಸಿರಿನ ನಡುವೆ ನೆಮ್ಮದಿಯಾಗಿತ್ತು. ಎಣ್ಣೆ ಮಾತ್ರ 98, 101, 104. ಮೀಟರ್ ಇಲ್ಲದಿದ್ದರೆ ನಾನು ಆ ನೀರಿನ ಮುಳ್ಳನ್ನೇ ನೋಡಿಕೊಂಡು ಸಿಂಧನೂರಿನವರೆಗೆ ಹೋಗುತ್ತಿದ್ದೆನೆಂಬುದರಲ್ಲಿ ನನಗೆ ಸಂಶಯವಿಲ್ಲ.

106ಕ್ಕೆ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಅಂಕಿ ಇಳಿಯುವ ಬದಲು ಇನ್ನೂ ಎರಡು ಡಿಗ್ರಿ ಏರಿ 108 ಆಯಿತು, "ದೊಡ್ಡಪ್ಪ, ನಿಂತ ಮ್ಯಾಲೂ ಏರಾಕತ್ತೈತಲ್ಲ" ಎಂದು ಹುಡುಗ ಕೇಳಿದ. ಗಾಡಿ ನಿಂತರೆ ಬಂದಷ್ಟು ಗಾಳಿಯೂ ನಿಲ್ಲುತ್ತದೆ, ಕಾದ ಸೈಲೆನ್ಸರ್ ಪೈಪಿನ ಝಳ ಪಕ್ಕದಿಂದ ಬಡಿಯುತ್ತಲೇ ಇರುತ್ತದೆ, ಗೇರಿನ ಹಲ್ಲುಗಳಲ್ಲಿ ಉಳಿದ ಬಿಸಿ ಎಣ್ಣೆಗೆ ಇಳಿಯುತ್ತದೆ. ಹತ್ತು ನಿಮಿಷದ ನಂತರವೇ ಅದು ಇಳಿಯತೊಡಗಿತು, ಅದೂ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ. ಇನ್ನೂರು ಕಿಲೋದಷ್ಟು ಕಬ್ಬಿಣ ಕಾಯುವುದೂ ನಿಧಾನ, ಆರುವುದೂ ನಿಧಾನ.

ಸಂಜೆ ಸಿಂಧನೂರಿನ ಪೆಟ್ರೋಲ್ ಬಂಕಿನ ಪಕ್ಕದ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎರಡು ಗಂಟೆ ಬಿಟ್ಟು, ಫಿಲ್ಲರ್ ಪ್ಲಗ್ಗನ್ನು ಸಡಿಲಿಸಿದಾಗ ಉಸ್ಸೆಂದು ಗಾಳಿ ಹೊರಬಂತು. ಅದು ಬರಬಾರದು. ಗೇರ್‌ಬಾಕ್ಸಿನ ಮೇಲಿನ ಬ್ರೀದರ್ ಕೆಂಪು ಧೂಳಿನಿಂದ ಕಟ್ಟಿಕೊಂಡಿತ್ತು, ಕಾದು ಹಿಗ್ಗಿದ ಗಾಳಿಗೆ ದಾರಿಯಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ಅದು ಆಯಿಲ್ ಸೀಲನ್ನು ತಳ್ಳಿ ಎಣ್ಣೆಯನ್ನು ಹೊರಗೆ ಹಾಕುತ್ತಿತ್ತು. ಪ್ಲಗ್ಗಿನ ತೂತಿನಲ್ಲಿ ಬೆರಳು ಹಾಕಿ ಬಗ್ಗಿಸಿದರೆ ಎಣ್ಣೆ ಬೆರಳಿನ ತುದಿಗೆ ತಾಗಿತು. ಬೆರಳಿಗೆ ತಾಗಿದರೆ ಸಾಕೆಂದು ನಮ್ಮಲ್ಲಿ ಬಹಳ ಜನ ಮುಚ್ಚಿಬಿಡುತ್ತಾರೆ, ಬಳ್ಳಾರಿಯಲ್ಲಿ ಹೊಸ ಪ್ಲಗ್ಗು ಹಾಕಿದ ದಿನ ನಾನೂ ಹಾಗೆಯೇ ಮುಚ್ಚಿದ್ದೆ, ಅದೂ ವರ್ಕ್‌ಷಾಪಿನ ಇಳಿಜಾರು ನೆಲದ ಮೇಲೆ. ಎಣ್ಣೆ ತೂತಿನ ಕೆಳಗಿನ ಅಂಚಿಗೆ ಸಮನಾಗಿ ನಿಂತು, ಇನ್ನೊಂದು ಹನಿ ಹಾಕಿದರೆ ಹೊರಗೆ ಹರಿಯುವಂತಿರಬೇಕು. ಹಾಗೆ ತುಂಬಲು ಒಂದೂಕಾಲು ಲೀಟರ್ ಬೇಕಾಯಿತು. ಅದಕ್ಕಿಂತ ಹೆಚ್ಚು ಸುರಿಯುವುದೂ ತಪ್ಪು, ಹೆಚ್ಚಾದ ಎಣ್ಣೆಯನ್ನು ಕಡೆಯುವುದರಲ್ಲೇ ಗೇರುಗಳು ಬಿಸಿ ಹುಟ್ಟಿಸುತ್ತವೆ. ಎಣ್ಣೆಯ ಜಾತಿಯನ್ನೂ ನೋಡಿ ತಂದೆ: ದಪ್ಪ 80ಡಬ್ಲ್ಯು-90, ದರ್ಜೆ ಜಿಎಲ್-4. ಅಂಗಡಿಯವರು ಇನ್ನೂ ಬಲವಾದದ್ದೆಂದು ಜಿಎಲ್-5 ಮುಂದಿಟ್ಟರು. ಅದು ಹಿಂದಿನ ಚಕ್ರಗಳ ನಡುವಿನ ಕ್ರೌನ್ ಹೌಸಿಂಗಿಗೆ ಸರಿ. ಅದರಲ್ಲಿ ಹೆಚ್ಚಾಗಿರುವ ಗಂಧಕ, ರಂಜಕದ ಅಂಶ ಬಿಸಿಯಲ್ಲಿ, ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ತಿನ್ನಬಹುದು.

ಮೂರನೆಯ ದಿನ: ಸಿಂಧನೂರಿನಿಂದ ಬಳ್ಳಾರಿ

ಬಿಸಿಲಿಗೆ ಮುಂಚೆ ದಾರಿ ಸವೆಸೋಣವೆಂದು ನಸುಕಿನ ನಾಲ್ಕಕ್ಕೆ ಹೊರಟೆವು. ರಸ್ತೆ ಖಾಲಿ, ನಾಲ್ಕನೆಯ ಗೇರಿನಲ್ಲಿ ಎಂಜಿನ್ 1200 ಸುತ್ತಿನ ಆಸುಪಾಸು, ಎದುರುಗಾಳಿ ತಂಪು. ಅಂತರ 44ಕ್ಕೆ ಇಳಿದಿತ್ತು. ಎಣ್ಣೆ ತುಂಬಿದ್ದರಿಂದಲೋ, ಬ್ರೀದರ್ ಬಿಡಿಸಿದ್ದರಿಂದಲೋ, ಗಾಳಿ ತಿರುಗಿದ್ದರಿಂದಲೋ ಹೇಳಲು ಬರುವಂತಿಲ್ಲ. ಮೂರನ್ನೂ ಒಂದೇ ರಾತ್ರಿಯಲ್ಲಿ ಬದಲಿಸಿದ ಮೇಲೆ ಯಾವುದರ ಪಾಲು ಎಷ್ಟೆಂದು ತಿಳಿಯುವುದು ಹೇಗೆ? ಇನ್ನೊಮ್ಮೆ ಅಳೆಯುವಾಗ ಒಂದೊಂದಾಗಿ ಬದಲಿಸಬೇಕು.

ದಡೇಸುಗೂರಿನ ಸೇತುವೆಯ ಮೇಲೆ ತುಂಗಭದ್ರೆಯನ್ನು ದಾಟುವಾಗ ಬೆಳಕು ಹರಿಯುತ್ತಿತ್ತು, ಹೊಳೆಯಲ್ಲಿ ನೀರಿಗಿಂತ ಮರಳು ಹೆಚ್ಚು ಕಾಣುತ್ತಿತ್ತು. ಸಿರುಗುಪ್ಪದ ಆಚೆ ಗಂಟೆ ಹೊಡೆಯಿತು. 78ರಲ್ಲಿದ್ದ ಅಂಕಿ 112 ಆಗಿತ್ತು, ನೋಡುತ್ತಿದ್ದಂತೆ 139 ಆಯಿತು. ಹುಡುಗ "ನಿಲ್ಸು ದೊಡ್ಡಪ್ಪ" ಎಂದು ಕೂಗಿದ. ನಿಲ್ಲಿಸಿದೆ, ಆದರೆ ಗೇರ್‌ಬಾಕ್ಸಿನ ಬಗ್ಗೆ ನನಗೆ ಭಯವಾಗಲಿಲ್ಲ. ಹಿಂದಿನ ದಿನ ಅಷ್ಟು ಕಷ್ಟದಲ್ಲೂ ಎರಡು ನಿಮಿಷಕ್ಕೆ ಒಂದು ಡಿಗ್ರಿ ಏರಿದ್ದ ಕಬ್ಬಿಣ, ಒಂದೇ ನಿಮಿಷದಲ್ಲಿ ಅರವತ್ತು ಡಿಗ್ರಿ ಜಿಗಿಯಲು ಸಾಧ್ಯವೇ ಇಲ್ಲ. ಜಿಗಿದದ್ದು ವೈರು. ಕಟ್ಟಿದ ಪಟ್ಟಿ ಸಡಿಲಗೊಂಡು ವೈರು ಸೈಲೆನ್ಸರ್ ಪೈಪಿಗೆ ತಾಗಿ, ಪ್ಲಾಸ್ಟಿಕ್ ಕರಗಿ, ಒಳಗಿನ ಎರಡು ತಂತಿಗಳು ಒಂದಕ್ಕೊಂದು ಮುಟ್ಟುವಂತಾಗಿದ್ದವು. ಈ ಬಗೆಯ ಥರ್ಮಿಸ್ಟರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ತಡೆ ಇಳಿಯುತ್ತದೆ. ತಂತಿಗಳು ಕೂಡಿ ತಡೆ ಇಲ್ಲವಾದಾಗ ಮೀಟರ್ ಅದನ್ನು ವಿಪರೀತ ಬಿಸಿ ಎಂದೇ ಓದುತ್ತದೆ. ವೈರನ್ನು ಕತ್ತರಿಸಿ ಜೋಡಿಸಿ, ಗಾಜಿನ ನೂಲಿನ ತೋಳು ತೊಡಿಸಿ, ಚಾಸಿಯ ಇನ್ನೊಂದು ಬದಿಯಿಂದ ಎಳೆದೆವು. ಅಂಕಿ ಮತ್ತೆ 77.

ಬಳ್ಳಾರಿಗೆ ಹತ್ತು ಗಂಟೆಗೆ ಬಂದೆವು. ಬಿಸಿಲಿನಲ್ಲಿ ಮುಂದೆ ಹೋಗುವುದು ಬೇಡವೆಂದು ಅಂದು ಅಲ್ಲೇ ಉಳಿದೆವು.

ನಾಲ್ಕನೆಯ ದಿನ: ಬಳ್ಳಾರಿಯಿಂದ ಸಂಡೂರು, ಗುಡ್ಡದ ಮೇಲೆ

ಕುಡತಿನಿ, ತೋರಣಗಲ್ಲಿನವರೆಗೆ ಬರೆಯುವಂಥದ್ದೇನೂ ಆಗಲಿಲ್ಲ. ತೋರಣಗಲ್ಲಿನಿಂದ ತಾರಾನಗರದ ಮೇಲೆ ಸಂಡೂರಿಗೆ ಬಂದಾಗ ಮಾವ ರಸ್ತೆಯಲ್ಲೇ ಕಾಯುತ್ತಿದ್ದರು, ಕ್ಯಾಬಿನ್ನಿಗೆ ಹತ್ತಿ ಮೊದಲು ನೋಡಿದ್ದು ಮೀಟರನ್ನು. ಎಣ್ಣೆ 82, ಗಾಳಿ 35.

ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಏರುವ ರಸ್ತೆ ಅದಿರಿನ ಲಾರಿಗಳು ಓಡಾಡುವ ಕೆಂಪು ರಸ್ತೆ. ಆರು ಟನ್ನಿಗೂ ಹೆಚ್ಚು ತೂಕದ ಲಾರಿಯನ್ನು ಹಿಂದೆ ಕಟ್ಟಿಕೊಂಡು ಅದನ್ನು ಏರುವಾಗ ಏನಾಗುತ್ತದೆ ಎಂದು ತಿಳಿಯಲೆಂದೇ ನಾನು ಇಷ್ಟೆಲ್ಲ ಸಿದ್ಧತೆ ಮಾಡಿದ್ದು. ಕೆಳಗೆ ಅರ್ಧ ಗಂಟೆ ನಿಂತು ಎಣ್ಣೆ 74ಕ್ಕೆ ಇಳಿದ ಮೇಲೆ ಹೊರಟೆ. ಏರಿನಲ್ಲಿ ಬರುವ ಬಿಸಿಯನ್ನು ತಡೆಯಲಾಗದು, ಎಲ್ಲಿಂದ ಆರಂಭಿಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಎರಡನೆಯ ಗೇರಿನಲ್ಲಿ ಎಂಜಿನ್ ಪೂರ್ಣ ಬಲದಲ್ಲಿ ಎಳೆಯುತ್ತಿತ್ತು. ಈಗ ನಿಮಿಷಕ್ಕೆ ಒಂದು ಡಿಗ್ರಿ, ಕೆಲವು ತಿರುವುಗಳಲ್ಲಿ ಒಂದೂವರೆ. ಹುಡುಗ ಐದು ನಿಮಿಷಕ್ಕೊಮ್ಮೆ ಬರೆದ: 79, 84, 90, 95. ಅರ್ಧ ದಾರಿಯಲ್ಲಿ 104. ಗಂಟೆ ಹೊಡೆದಾಗ ಮಾವ ಅಭ್ಯಾಸಬಲದಿಂದ, "ನ್ಯೂಟ್ರಲ್ಲಿಗೆ ಹಾಕಿ ರೇಸ್ ಮಾಡು, ಎರಡು ಮೂರು ನಿಮಿಷಕ್ಕ ಇಳಿತೈತಿ" ಎಂದರು. ಅವರ ಡಂಪರಿಗೆ ಅದು ಸರಿಯಾದ ಉಪಾಯ: ಎಂಜಿನ್ನಿನ ಸುತ್ತು ಏರಿಸಿದರೆ ಪಂಪು ಎಣ್ಣೆಯನ್ನು ಕೂಲರಿಗೆ ಜೋರಾಗಿ ತಳ್ಳುತ್ತದೆ, ನ್ಯೂಟ್ರಲ್ಲಿನಲ್ಲಿ ಕನ್ವರ್ಟರಿನ ಹೊರೆ ಇರುವುದಿಲ್ಲ. ಅಲಿಸನ್ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಕೈಪಿಡಿಯೂ 1200ರಿಂದ 1500 ಸುತ್ತಿನಲ್ಲಿ ಹೀಗೆಯೇ ಎರಡು ಮೂರು ನಿಮಿಷ ಓಡಿಸಲು ಹೇಳುತ್ತದೆ. ನಮ್ಮ ಗೇರ್‌ಬಾಕ್ಸಿಗೆ ಕೂಲರಿಲ್ಲ, ನ್ಯೂಟ್ರಲ್ಲಿನಲ್ಲಿ ರೇಸ್ ಮಾಡಿದರೆ ಬಿಸಿ ಎಣ್ಣೆಯನ್ನೇ ಇನ್ನಷ್ಟು ಕಡೆದಂತಾಗುತ್ತದೆ. ಮಾವನಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ನಿನಗ ಗಾಳಿನೇ ಕೂಲರ್ ಅನ್ನು" ಎಂದರು.

ಅಗಲವಾದ ಜಾಗ ಸಿಗುವವರೆಗೆ ನಿಲ್ಲುವಂತಿರಲಿಲ್ಲ, ಹಿಂದಿನಿಂದ ಟಿಪ್ಪರುಗಳು ಬರುತ್ತಿದ್ದವು. 114, 116, 118. ಕಡೆಗೊಂದು ತಿರುವಿನಲ್ಲಿ ನಿಂತಾಗ 119, ನಿಂತ ಮೇಲೆ 121. ಗಾಳಿ 36, ಅಂತರ 85. ಸುಟ್ಟ ವಾಸನೆ ಇರಲಿಲ್ಲ. ಹೌಸಿಂಗಿನ ಕೆಳಗೆ, ಹಿಂದಿನ ಸೀಲಿನ ಹತ್ತಿರ ಎಣ್ಣೆಯ ತೇವವೂ ಇರಲಿಲ್ಲ. ಐವತ್ತು ನಿಮಿಷ ಕಾದೆವು. ಮಾವ ಆ ಗುಡ್ಡದ ಯಾವ ಏರಿನಲ್ಲಿ ಕನ್ವರ್ಟರ್ ಮುಳ್ಳು ಎಲ್ಲಿಗೆ ಬರುತ್ತಿತ್ತೆಂದು ಒಂದೊಂದು ತಿರುವನ್ನೂ ನೆನಪಿಸಿಕೊಂಡು ಹೇಳಿದರು, ಹುಡುಗ ಅದನ್ನೂ ಬರೆದುಕೊಂಡ. 100ಕ್ಕೆ ಇಳಿದ ಮೇಲೆ ಉಳಿದ ಏರನ್ನು ಏರಿ, 111ರಲ್ಲಿ ಷೆಡ್ಡು ತಲುಪಿದೆವು.

ಲಾರಿಯನ್ನು ಇಳಿಸಿ ಖಾಲಿ ಗಾಡಿಯಲ್ಲಿ ಗುಡ್ಡ ಇಳಿದೆವು. ಸಂಡೂರಿನಿಂದಾಚೆ ಐದನೆಯ ನೇರ ಗೇರಿನಲ್ಲಿ ಗಂಟೆಗೆ ನಲವತ್ತೈದರಂತೆ ಓಡಿಸಿದಾಗ ನಿಮಿಷಕ್ಕೆ ಒಂದು ಡಿಗ್ರಿಯಂತೆ ಎಣ್ಣೆ ತಣಿಯಿತು. ಮರದ ನೆರಳಿನಲ್ಲಿ ನಿಂತು ತಣಿಸಿದ್ದರ ಎರಡರಷ್ಟು ವೇಗ. ಹಾಗಾಗಿ ಇನ್ನು ಮುಂದೆ ಬಯಲಿನಲ್ಲಿ ಎಳೆಯುವಾಗ ಎಣ್ಣೆ ಕಾದರೆ, ದಾರಿ ಖಾಲಿಯಿದ್ದು ಹೊರೆ ಹಗುರವಾಗಿದ್ದಲ್ಲಿ, ನಿಲ್ಲಿಸುವ ಮೊದಲು ಮೇಲಿನ ಗೇರಿನಲ್ಲಿ ಹಗುರವಾಗಿ ಓಡಿಸಿ ನೋಡಬೇಕೆಂದು ನಿಶ್ಚಯಿಸಿದೆ. ಅಂಡರ್‌ಲಿಫ್ಟಿನ ಗಾಡಿಗೆ ಎಣ್ಣೆ ಕೂಲರ್ ಹಾಕಿಸುವ ವಿಚಾರವನ್ನೂ ಮಾವ ಎತ್ತಿದರು. ವರ್ಷದಲ್ಲಿ ನಾಲ್ಕೈದು ಬಾರಿ ಮಾತ್ರ ಈ ಗುಡ್ಡ ಏರುವ ನನಗೆ, ನಡುವೆ ಒಮ್ಮೆ ನಿಂತು ಹೋಗುವುದೇ ಸಾಕೆನಿಸುತ್ತದೆ. ದಿನವೂ ಏರುವವನಾಗಿದ್ದರೆ ಕೂಲರ್ ಬೇಕೇ ಬೇಕು.

ಮರುದಿನ ಬೆಳಿಗ್ಗೆ ಬಳ್ಳಾರಿಯಲ್ಲಿ ಎಣ್ಣೆಯನ್ನು ಅಗಲವಾದ ತಟ್ಟೆಗೆ ಇಳಿಸಿದೆವು. ಹೊಸ ಎಣ್ಣೆಯ ಜೇನಿನ ಬಣ್ಣ ಹೋಗಿ ನಸುಗಂದು ಬಂದಿತ್ತು, ಕಪ್ಪಾಗಿರಲಿಲ್ಲ. ಹಳೆಯ ಡ್ರೇನ್ ಪ್ಲಗ್ಗಿನ ತುದಿಯಲ್ಲಿದ್ದ ಆಯಸ್ಕಾಂತ ಹೊಸ ಪ್ಲಗ್ಗಿನಲ್ಲಿ ಇಲ್ಲದ್ದರಿಂದ, ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ತಟ್ಟೆಯಲ್ಲಿ ಆಡಿಸಿದೆವು. ಬೂದಿಯಂಥ ನಯವಾದ ಪುಡಿ ಅಂಟಿತು, ಚೂರುಗಳಿರಲಿಲ್ಲ. ಹೊಸ ಎಣ್ಣೆಯನ್ನು ತೂತಿನ ಅಂಚಿನವರೆಗೆ ಸಮತಟ್ಟು ನೆಲದಲ್ಲಿ ತುಂಬಿ ಪ್ಲಗ್ಗು ಬಿಗಿದು, ಬ್ರೀದರಿಗೆ ಊದಿ ನೋಡಿದೆ. ಹುಡುಗ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಮೀಟರಿನ 31ರಲ್ಲಿ ಒಂದು ಕಳೆದು ಬರೆದ: ಎಣ್ಣೆ 30, ಗಾಳಿ 30, ಅಂತರ ಸೊನ್ನೆ.